ಎಡಗಾಲಿನ ಪಾಠ ಹೇಳಿದ ಮೇಷ್ಟ್ರು



ನಮ್ಮ ಮನೆಯಲ್ಲಿ ನಾನಾ ಆಗಾಗ ರಹೀಂ ಸಾಬ್ ಎಂದು ಒಬ್ಬರ ಹೆಸರು ಹೇಳುತ್ತಿದ್ದರು. ಎಷ್ಟು ಸಲುಗೆಯಿಂದ ಹೇಳುತ್ತಿದ್ದರೆಂದರೆ, ಅವರು ಹೈದರಾಬಾದಿನಲ್ಲಿರುವ ನಮ್ಮ ಯಾರೋ ನೆಂಟರಿರಬೇಕು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. 2024ರಲ್ಲಿ ಅಜಯ್ ದೇವಗನ್ ಅವರ 'ಮೈದಾನ್' ಸಿನಿಮಾ ಬಂದಾಗಲೇ ಗೊತ್ತಾದದ್ದು, ಅವರು ನೆಂಟರಲ್ಲ, ಭಾರತ ಫುಟ್‌ಬಾಲ್ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಂ ಎಂದು. ಸಿನಿಮಾದಲ್ಲಿ ಕಥೆಗೆ ಬೇಕಾದ ಬದಲಾವಣೆ ಇದ್ದೇ ಇರುತ್ತದೆ. ಆದ್ದರಿಂದ ನಿಜವಾಗಿ ನಡೆದದ್ದನ್ನಷ್ಟೇ ಓದಿ ತಿಳಿದು ಇಲ್ಲಿ ಬರೆಯುತ್ತಿದ್ದೇನೆ.

ರಹೀಂ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಕಾಲದ ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು. ಅವರ ವೃತ್ತಿ ಶಾಲಾ ಮೇಷ್ಟ್ರ ಕೆಲಸ. ಕಾಚಿಗುಡ, ಚಾದರ್‌ಘಾಟ್ ಮುಂತಾದ ಕಡೆಯ ಶಾಲೆಗಳಲ್ಲಿ ಪಾಠ ಮಾಡಿದರು. ಆಮೇಲೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ಮಕ್ಕಳ ಆಟೋಟದ ಜವಾಬ್ದಾರಿಯನ್ನೂ ಹೊತ್ತರು. ತಾವೂ ಊರಿನ ಕ್ಲಬ್ಬಿಗೆ ಆಡುತ್ತಿದ್ದರು. ಆದರೆ ಇಂದು ಅವರನ್ನು ಆಟಗಾರ ಎಂದು ಯಾರೂ ನೆನೆಯುವುದಿಲ್ಲ, ಆಟ ಕಲಿಸಿದವರು ಎಂದೇ ನೆನೆಯುತ್ತಾರೆ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಈ ಎರಡೂ ಹೊಣೆಗಳನ್ನು ಸಾಯುವವರೆಗೆ ಬಿಡಲಿಲ್ಲ. ಆಗ ಭಾರತದ ಫುಟ್‌ಬಾಲ್ ಎಂದರೆ ಕಲ್ಕತ್ತಾ ಎಂದೇ ಲೆಕ್ಕ. ಅಂಥ ಹೊತ್ತಿನಲ್ಲಿ ಈ ಪೊಲೀಸರ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. 1950ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನೇ ಸೋಲಿಸಿತು.

ಅವರು ಕಲಿಸುತ್ತಿದ್ದ ರೀತಿ ನನಗೆ ತುಂಬಾ ಇಷ್ಟವಾಯಿತು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬನೇ ನಾಲ್ಕು ಜನರನ್ನು ದಾಟಿಸಿಕೊಂಡು ಹೋದರೆ ಜನ ಚಪ್ಪಾಳೆ ಹೊಡೆಯುತ್ತಿದ್ದ ಕಾಲ ಅದು. ಇವರು ಹುಡುಗರಿಗಾಗಿ ಡ್ರಿಬ್ಲಿಂಗ್ ಮಾಡಲೇಬಾರದು ಎಂಬ ನಿಯಮದ ಪಂದ್ಯಾವಳಿ ನಡೆಸಿದರು. ಚೆಂಡು ಬಂದ ತಕ್ಷಣ ಇನ್ನೊಬ್ಬನಿಗೆ ಕೊಡಬೇಕು. ಬಲಗಾಲಿನವರು ಎಡಗಾಲಿನಲ್ಲಿ, ಎಡಗಾಲಿನವರು ಬಲಗಾಲಿನಲ್ಲಿ ಮಾತ್ರ ಒದೆಯಬೇಕು ಎಂಬ ಪಂದ್ಯಾವಳಿಯನ್ನೂ ಇಟ್ಟರು. ಬಾರದ ಕಾಲಿನಲ್ಲಿ ಆಡುವಾಗ ಯಾರೂ ಹೀರೋ ಆಗುವುದಿಲ್ಲ. ಎಲ್ಲರೂ ಒಂದೇ ಸಮ ತಡವರಿಸುತ್ತಾರೆ, ಎಲ್ಲರೂ ಒಂದೇ ಸಮ ಕಲಿಯುತ್ತಾರೆ.

ಭಾರತ ತಂಡದ ಕೋಚ್ ಆಗಿ ಅವರ ಮೊದಲ ದೊಡ್ಡ ಗೆಲುವು 1951ರಲ್ಲಿ ಬಂತು. ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದರು. ಗೋಲು ಹೊಡೆದವರು ಸಾಹು ಮೇವಾಲಾಲ್. ಮರುವರ್ಷವೇ ದೊಡ್ಡ ಸೋಲು ಕಾದಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತರು. ನಮ್ಮ ಹಲವರು ಆ ಚಳಿಯಲ್ಲಿ ಬರಿಗಾಲಿನಲ್ಲಿ ಆಡಿದ್ದರು. ಅಂದಿನ ಒಂದೇ ಒಂದು ಗೋಲು ನಮ್ಮ ಬೆಂಗಳೂರಿನ ಅಹಮದ್ ಖಾನ್ ಅವರದ್ದು. ಆ ಸೋಲಿನ ನಂತರ ಬೂಟು ಹಾಕಿಕೊಂಡೇ ಆಡಬೇಕೆಂಬ ನಿಯಮ ಬಂತು.

ಹತ್ತು ಗೋಲು ತಿಂದ ಕೋಚ್ ನಾಚಿಕೆಯಿಂದ ಮನೆಯಲ್ಲಿ ಕುಳಿತುಬಿಡಬಹುದಿತ್ತು. ರಹೀಂ ಸಾಹೇಬರು ಹಾಗೆ ಮಾಡಲಿಲ್ಲ. ಆಗ ಜಗತ್ತಿನಲ್ಲೇ ಹೆಸರು ಮಾಡಿದ್ದ ಹಂಗೇರಿ ತಂಡದ ಆಟವನ್ನು ಗಮನಿಸಿದರು. ಸೆಂಟರ್ ಫಾರ್ವರ್ಡ್ ಮುಂದೆಯೇ ನಿಲ್ಲದೆ ಸ್ವಲ್ಪ ಹಿಂದಕ್ಕೆ ಬಂದು ಆಡುವ ಆ ಕ್ರಮವನ್ನು ನಮ್ಮವರಿಗೂ ಹೇಳಿಕೊಟ್ಟರು. ನಾಲ್ಕೇ ವರ್ಷದಲ್ಲಿ ಫಲ ಸಿಕ್ಕಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿ ಭಾರತ ಸೆಮಿಫೈನಲ್ ತಲುಪಿತು. ಏಷ್ಯಾದ ಯಾವ ದೇಶವೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಅಂದು ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಹೊಡೆದದ್ದು ನಾವೇ ಆದರೂ ಕೊನೆಗೆ 4-1ರಿಂದ ಸೋತೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರೂ ಸೋತು ನಾಲ್ಕನೆಯ ಸ್ಥಾನ ಪಡೆದೆವು. ಆ ತಂಡದ ಹಾಫ್‌ಬ್ಯಾಕ್‌ಗಳಲ್ಲಿ ನಮ್ಮ ರಾಜ್ಯದ ಕೆಂಪಯ್ಯ ಒಬ್ಬರು. 1960ರ ರೋಮ್ ಒಲಿಂಪಿಕ್ಸ್‌ಗೂ ಅವರು ಹೋಗಿದ್ದರು. ಅಲ್ಲಿ ಭಾರತ ಫ್ರಾನ್ಸ್ ಜೊತೆ 1-1ರಿಂದ ಸಮ ಮಾಡಿಕೊಂಡಿತು.

ಈಗ ಕೊನೆಯ ಭಾಗ. 1962ರಲ್ಲಿ ಏಷ್ಯನ್ ಗೇಮ್ಸ್ ಇಂಡೋನೇಷ್ಯಾದ ಜಕಾರ್ತದಲ್ಲಿ ನಡೆಯಿತು. ಆ ಹೊತ್ತಿಗೆ ರಹೀಂ ಸಾಹೇಬರಿಗೆ ಶ್ವಾಸಕೋಶದ ಕ್ಯಾನ್ಸರ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0ರಿಂದ ಸೋಲು. ಥಾಯ್ಲೆಂಡ್ ಎದುರು ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಹೊರಗಿನ ಪರಿಸ್ಥಿತಿಯೂ ಚೆನ್ನಾಗಿರಲಿಲ್ಲ. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಇಂಡೋನೇಷ್ಯಾ ಒಳಗೆ ಬಿಟ್ಟಿರಲಿಲ್ಲ. ಅದನ್ನು ಭಾರತದ ಅಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಅಲ್ಲಿನ ಜನರಿಗೆ ನಮ್ಮ ಮೇಲೆ ಸಿಟ್ಟು ಬಂದಿತ್ತು.

ಇಷ್ಟೆಲ್ಲದರ ನಡುವೆ ಕೋಚ್ ಒಂದು ಧೈರ್ಯದ ಲೆಕ್ಕ ಹಾಕಿದರು. ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲ್ ಸಿಂಗರನ್ನು ಹಿಂದಿನಿಂದ ತೆಗೆದು ಮುಂದೆ, ಗೋಲು ಹೊಡೆಯುವ ಜಾಗಕ್ಕೆ ಹಾಕಿದರು. ಸೆಪ್ಟೆಂಬರ್ 4ರಂದು ಫೈನಲ್. ಎದುರಿಗೆ ಮತ್ತೆ ದಕ್ಷಿಣ ಕೊರಿಯಾ, ಸುತ್ತ ಸುಮಾರು ಒಂದು ಲಕ್ಷ ಜನರ ಕೂಗಾಟ. ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಎರಡನೆಯದು ಅದೇ ಜರ್ನೈಲ್ ಸಿಂಗರದ್ದು. ಜ್ವರದಿಂದ ಎದ್ದು ಬಂದಿದ್ದ ಗೋಲ್‌ಕೀಪರ್ ಪೀಟರ್ ತಂಗರಾಜ್ ಗೋಲು ಕಾದರು. ಕೊರಿಯಾದವರು ಕೊನೆಯಲ್ಲಿ ಒಂದು ಗೋಲು ಹೊಡೆದರೂ 2-1ರಿಂದ ಚಿನ್ನ ನಮ್ಮದಾಯಿತು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಇಂದಿಗೂ ಚಿನ್ನ ಬಂದಿಲ್ಲ.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, 53ನೆಯ ವಯಸ್ಸಿನಲ್ಲಿ ರಹೀಂ ಸಾಹೇಬರು ತೀರಿಕೊಂಡರು. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. ಅವರ ಮಗ ಎಸ್.ಎಸ್. ಹಕೀಂ ಅವರೂ ಫುಟ್‌ಬಾಲ್ ಆಟಗಾರ. ರೋಮ್‌ಗೆ ಹೋದ ತಂಡದಲ್ಲಿದ್ದರು, ಮುಂದೆ ಅಂತರರಾಷ್ಟ್ರೀಯ ರೆಫರಿಯೂ ಆದರು. ಅವರು 2021ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.

ಇದನ್ನೆಲ್ಲ ನಾನು ಏಕೆ ಬರೆದೆ ಎಂದು ಹೇಳಿ ಮುಗಿಸುತ್ತೇನೆ. ನಮ್ಮ ಮನೆಮಾತು ಉರ್ದು. ಕನ್ನಡ ನಾನು ಕಲಿತದ್ದು ಶಾಲೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ದಟ್ಟಗಳ್ಳಿಯ ಖಾಲಿ ಸೈಟುಗಳಲ್ಲಿ ಗೆಳೆಯರ ಜೊತೆ ಚೆಂಡು ಒದೆಯುತ್ತಾ. ಮಾತಾಡಲು ಬರುತ್ತದೆ, ಬರೆಯಲು ಕುಳಿತರೆ ಒತ್ತಕ್ಷರ ತಪ್ಪುತ್ತದೆ. ಒಮ್ಮೆ ತರಗತಿಯಲ್ಲಿ ನನ್ನ ಪ್ರಬಂಧ ಓದಿದಾಗ ಎಲ್ಲರೂ ನಕ್ಕರು. ಆಮೇಲೆ ಎರಡು ವರ್ಷ ಪರೀಕ್ಷೆಗೆ ಬಿಟ್ಟರೆ ಬೇರೇನನ್ನೂ ಕನ್ನಡದಲ್ಲಿ ಬರೆಯಲಿಲ್ಲ. ಈ ಸಂಚಿಕೆಗೆ ಲೇಖನ ಕೇಳಿದಾಗಲೂ ಮೊದಲು ಇಲ್ಲ ಎಂದೇ ಹೇಳಿದ್ದೆ. ಆ ಎಡಗಾಲಿನ ಪಂದ್ಯಾವಳಿಯ ಸಂಗತಿ ಓದಿದ ರಾತ್ರಿ ಮನಸ್ಸು ಬದಲಾಯಿತು. ಬಾರದ ಕಾಲನ್ನು ಬಚ್ಚಿಟ್ಟುಕೊಂಡು ಎಷ್ಟು ದಿನ ಆಡುವುದು?

ಬರೆದು ಮುಗಿಸಿ ನಾನಾ ಅವರಿಗೆ ಓದಿ ಹೇಳಿದೆ. ಅವರಿಗೆ ಕನ್ನಡ ಅಷ್ಟಾಗಿ ಬಾರದು, ಆದರೂ ರಹೀಂ ಸಾಬ್ ಹೆಸರು ಬಂದಾಗಲೆಲ್ಲ ತಲೆಯಾಡಿಸಿದರು. ಈ ಲೇಖನದಲ್ಲಿ ತಪ್ಪುಗಳಿದ್ದರೆ ದಯವಿಟ್ಟು ತಿದ್ದಿ. ನಕ್ಕರೂ ಪರವಾಗಿಲ್ಲ, ಮುಂದಿನ ಸಂಚಿಕೆಗೂ ನಾನು ಬರೆಯುತ್ತೇನೆ.