ತಪ್ಪನ್ನು ಒಪ್ಪಿಕೊಂಡ ವಿಜ್ಞಾನಿ – ಆಲ್ಡೋ ಲಿಯೋಪೋಲ್ಡ್

ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಕಂಡರೆ ವಿದ್ಯಾರ್ಥಿಗಳಾದ ನಾವು ಆ ಪುಟವನ್ನು ಬೇಗನೆ ಮುಚ್ಚಿಬಿಡುತ್ತೇವೆ. ತಪ್ಪೆಂದರೆ ನಾಚಿಕೆಯ ವಿಷಯವೆಂದೇ ನಮ್ಮ ಭಾವನೆ. ಆದರೆ ತಮ್ಮ ತಪ್ಪನ್ನೇ ಗುರುವೆಂದು ಬಗೆದು, ಒಂದು ಹೊಸ ಶಾಸ್ತ್ರಕ್ಕೆ ತಳಹದಿ ಹಾಕಿದ ಮಹನೀಯರೊಬ್ಬರಿದ್ದರು. ಅವರೇ ಅಮೇರಿಕದ ವನ್ಯಜೀವಿ ವಿಜ್ಞಾನಿ ಆಲ್ಡೋ ಲಿಯೋಪೋಲ್ಡ್.

ಲಿಯೋಪೋಲ್ಡರು 1887ನೆಯ ಇಸವಿ ಜನವರಿ 11ರಂದು ಅಯೋವಾ ರಾಜ್ಯದ ಬರ್ಲಿಂಗ್ಟನ್ ಪಟ್ಟಣದಲ್ಲಿ ಜನಿಸಿದರು. ತಂದೆ ಕಾರ್ಲ್ ಅವರದು ಮರದ ಮೇಜುಗಳನ್ನು ತಯಾರಿಸುವ ಉದ್ಯಮ. ಅವರು ಒಳ್ಳೆಯ ಬೇಟೆಗಾರರೂ ಆಗಿದ್ದರು. ಆದರೂ ಹಕ್ಕಿಗಳು ಗೂಡು ಕಟ್ಟುವ ವಸಂತಕಾಲದಲ್ಲಿ ಬೇಟೆಯಾಡುವುದನ್ನು, ಕಾನೂನಿನ ತಡೆಯಿಲ್ಲದಿದ್ದರೂ, ತಾವಾಗಿಯೇ ಬಿಟ್ಟರು. ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ತಂದೆಯೊಡನೆ ಅಲೆದಾಡಿದ ಬಾಲಕನಿಗೆ ಇದೇ ಮೊದಲ ಪಾಠವಾಯಿತು.

1909ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಅರಣ್ಯಶಾಸ್ತ್ರದ ಪದವಿ ಪಡೆದು, ಲಿಯೋಪೋಲ್ಡರು ಅರಣ್ಯ ಇಲಾಖೆಯನ್ನು ಸೇರಿದರು. ಅರಿಜೋನಾದ ಅಪಾಚೆ ಅರಣ್ಯದಲ್ಲಿ ಅವರಿಗೆ ಕೆಲಸ. ತೋಳಗಳನ್ನು ಕೊಂದರೆ ಜಿಂಕೆಗಳು ಹೆಚ್ಚುತ್ತವೆ, ಬೇಟೆಗಾರರಿಗೆ ಸುಗ್ಗಿಯಾಗುತ್ತದೆ ಎಂದು ಆ ಕಾಲದವರೆಲ್ಲ ನಂಬಿದ್ದರು. ತರುಣ ಅಧಿಕಾರಿಯೂ ಹಾಗೆಯೇ ನಂಬಿದರು. ಬೆಟ್ಟದ ಮೇಲಿನಿಂದ ತೋಳಗಳ ಗುಂಪಿನ ಮೇಲೆ ಸಂಗಡಿಗರೊಡನೆ ಗುಂಡು ಹಾರಿಸಿದರು. ಕೆಳಗಿಳಿದು ಬಂದಾಗ, ಸಾಯುತ್ತಿದ್ದ ತಾಯಿತೋಳದ ಕಣ್ಣುಗಳ ಹೊಳಪು ಆರುವುದನ್ನು ಕಂಡರು. ಆದರೂ ಅಂದೇ ಅವರ ಮನಸ್ಸು ಬದಲಾಗಲಿಲ್ಲ. ಮುಂದೆಯೂ ಹಲವು ವರ್ಷ ತೋಳ, ಸಿಂಹಬೆಕ್ಕುಗಳ ನಿರ್ಮೂಲನಕ್ಕಾಗಿ ಅವರು ಪ್ರಚಾರ ಮಾಡಿದರು.

ಇದೇ ಕಾಲದಲ್ಲಿ ಅವರು ಇನ್ನೊಂದು ಮಹತ್ವದ ಕೆಲಸವನ್ನೂ ಮಾಡಿದರು. ರಸ್ತೆಯಿಲ್ಲದ ವಿಶಾಲ ಕಾಡನ್ನು ಇದ್ದಂತೆಯೇ ಉಳಿಸಬೇಕೆಂದು ವಾದಿಸಿದರು. ಅದರ ಫಲವಾಗಿ 1924ರಲ್ಲಿ ನ್ಯೂ ಮೆಕ್ಸಿಕೋದ ಗಿಲಾ ಪ್ರದೇಶವು ಸಂರಕ್ಷಿತ ಘೋರಾರಣ್ಯವೆಂದು ಘೋಷಿತವಾಯಿತು.

ಆ ಹೊತ್ತಿಗೆ ಕಾಡು ತನ್ನ ಉತ್ತರವನ್ನು ಕೊಡತೊಡಗಿತ್ತು. ಹಿಂಸ್ರಪಶುಗಳನ್ನು ಕೊಂದಿದ್ದ ಕೈಬಾಬ್ ಪ್ರಸ್ಥಭೂಮಿಯಲ್ಲಿ ಜಿಂಕೆಗಳು ಮಿತಿಮೀರಿ ಬೆಳೆದವು. ಪೊದೆ, ಎಳೆಯ ಸಸಿಗಳನ್ನೆಲ್ಲ ಮೇದು ಮುಗಿಸಿದವು. 1920ರ ದಶಕದಲ್ಲಿ ಸಹಸ್ರಾರು ಜಿಂಕೆಗಳು ಹಸಿವಿನಿಂದ ಸತ್ತವು. ಇದಕ್ಕೆ ಬೇರೆ ಕಾರಣಗಳೂ ಇದ್ದವೆಂದು ಮುಂದಿನ ವಿದ್ವಾಂಸರು ಹೇಳಿದ್ದಾರೆ. ಆದರೆ ತಮ್ಮ ಲೆಕ್ಕ ಎಲ್ಲೋ ತಪ್ಪಿದೆಯೆಂದು ಲಿಯೋಪೋಲ್ಡರಿಗೆ ತಿಳಿಯಿತು.

1933ರಲ್ಲಿ ಅವರ ‘ಗೇಮ್ ಮ್ಯಾನೇಜ್‌ಮೆಂಟ್’ ಎಂಬ ಗ್ರಂಥ ಹೊರಬಂದಿತು. ಆಹಾರ, ನೀರು, ಅಡಗುದಾಣ, ರೋಗ, ಬೇಟೆ ಇವೆಲ್ಲ ಸೇರಿ ಪ್ರಾಣಿಗಳ ಸಂಖ್ಯೆಯನ್ನು ನಿರ್ಧರಿಸುತ್ತವೆ. ಆದ್ದರಿಂದ ಪ್ರಾಣಿಯೊಂದನ್ನು ರಕ್ಷಿಸಬೇಕಾದರೆ ಅದರ ನೆಲೆಯನ್ನು ನೋಡಿಕೊಳ್ಳಬೇಕು ಎಂಬುದೇ ಅದರ ತಿರುಳು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು ಈ ವಿಷಯಕ್ಕೆಂದೇ ದೇಶದ ಮೊದಲ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿ, ಅದನ್ನು ಅವರಿಗೆ ಒಪ್ಪಿಸಿತು.

1935ರಲ್ಲಿ ಅವರು ವಿಸ್ಕಾನ್ಸಿನ್ ನದಿಯ ಬಳಿ ಸಾರ ಕಳೆದುಕೊಂಡಿದ್ದ ಹೊಲವೊಂದನ್ನು ಕೊಂಡರು. ಅಲ್ಲಿ ಉಳಿದಿದ್ದುದು ಹಳೆಯ ಕೋಳಿಗೂಡು ಮಾತ್ರ. ಅದನ್ನೇ ಗುಡಿಸಲಾಗಿ ಮಾಡಿಕೊಂಡು, ಪತ್ನಿ ಎಸ್ಟೆಲಾ ಮತ್ತು ಐವರು ಮಕ್ಕಳೊಡನೆ ವರ್ಷವರ್ಷವೂ ಸಾವಿರಾರು ಪೈನ್ ಸಸಿಗಳನ್ನು ನೆಟ್ಟರು. ಯಾವ ಹೂ ಎಂದು ಅರಳಿತು, ಯಾವ ಹಕ್ಕಿ ಎಂದು ಬಂದಿತು ಎಂಬುದನ್ನು ತಪ್ಪದೆ ಬರೆದಿಟ್ಟರು.

1943ರಲ್ಲಿ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದಾಗ ಅವರಿಗೆ ಕಠಿಣ ಪರೀಕ್ಷೆ ಎದುರಾಯಿತು. ಕಾಡನ್ನು ಉಳಿಸಲು ಹೆಣ್ಣುಜಿಂಕೆಗಳ ಸಂಖ್ಯೆಯನ್ನೂ ಇಳಿಸಬೇಕೆಂದು ಅವರು ಹೇಳಿದರು. ಜನ ರೊಚ್ಚಿಗೆದ್ದರು, ಪತ್ರಿಕೆಗಳಲ್ಲಿ ಹೀಯಾಳಿಸಿದರು. ಲಿಯೋಪೋಲ್ಡರು ತಮ್ಮ ಮಾತಿನಿಂದ ಹಿಂದೆಗೆಯಲಿಲ್ಲ. ಅದಕ್ಕಿಂತಲೂ ದೊಡ್ಡ ಧೈರ್ಯದ ಕೆಲಸವನ್ನು ಮರುವರ್ಷ ಮಾಡಿದರು. ತರುಣನಾಗಿದ್ದಾಗ ತಾನು ತೋಳವನ್ನು ಕೊಂದದ್ದನ್ನೂ, ತನ್ನ ಎಣಿಕೆ ತಪ್ಪಾಗಿದ್ದುದನ್ನೂ ಪ್ರಬಂಧವೊಂದರಲ್ಲಿ ಒಪ್ಪಿಕೊಂಡರು.

1948ರ ಏಪ್ರಿಲ್ 21ರಂದು ನೆರೆಯವರ ಹೊಲದ ಹುಲ್ಲಿಗೆ ಬೆಂಕಿ ಬಿದ್ದಿತು. ಅದನ್ನು ಆರಿಸಲು ಹೋದ ಲಿಯೋಪೋಲ್ಡರು ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಆ ಪ್ರಬಂಧವನ್ನೂ ಒಳಗೊಂಡ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಎಂಬ ಕೃತಿ ಪ್ರಕಟವಾದುದು ಮರುವರ್ಷ. ಮಣ್ಣು, ನೀರು, ಗಿಡ, ಪ್ರಾಣಿಗಳೆಲ್ಲವೂ ಒಂದೇ ಸಮುದಾಯ, ಮನುಷ್ಯ ಅದರ ಒಡೆಯನಲ್ಲ, ಒಬ್ಬ ಸದಸ್ಯ ಮಾತ್ರ ಎಂಬ ಅವರ ವಿಚಾರ ಈ ಗ್ರಂಥದಿಂದ ಲೋಕಕ್ಕೆಲ್ಲ ತಿಳಿಯಿತು.

ಅವರ ಕೆಲಸ ಅವರೊಡನೆ ಮುಗಿಯಲಿಲ್ಲ. 1998ರಲ್ಲಿ ಅದೇ ಅಪಾಚೆ ಅರಣ್ಯದಲ್ಲಿ ತೋಳಗಳನ್ನು ಮರಳಿ ಬಿಡಲಾಯಿತು. ಮಗಳು ನೀನಾ ಅವರು ತಂದೆಯ ದಿನಚರಿಯನ್ನು ತಮ್ಮ ಕಾಲದ ದಾಖಲೆಗಳೊಡನೆ ಹೋಲಿಸಿ, ವಸಂತವು ಮೊದಲಿಗಿಂತ ಬೇಗ ಬರುತ್ತಿದೆಯೆಂದು 1999ರಲ್ಲಿ ಇತರ ವಿಜ್ಞಾನಿಗಳೊಡನೆ ತೋರಿಸಿಕೊಟ್ಟರು. ಗುಡಿಸಲಿನ ನೋಟುಪುಸ್ತಕ ಹವಾಮಾನ ಬದಲಾವಣೆಗೆ ಸಾಕ್ಷಿಯಾಯಿತು!

ನಮ್ಮ ಶಾಲೆಯಂಗಳದ ಮಾವು ಎಂದು ಹೂ ಬಿಟ್ಟಿತೆಂದು ಬರೆದಿಡಲು ನಮಗೂ ಒಂದು ನೋಟುಪುಸ್ತಕ ಸಾಕು. ಕೆಂಪು ಗೆರೆಯ ಪುಟವನ್ನು ಮತ್ತೆ ತೆರೆಯಲು ಮಾತ್ರ ಸ್ವಲ್ಪ ಧೈರ್ಯ ಬೇಕು. ಲಿಯೋಪೋಲ್ಡರ ಜೀವನದಿಂದ ಆ ಧೈರ್ಯವನ್ನು ನಾವು ಕಲಿಯೋಣ.