ಬಾವಿಯ ಬಳಿಯಲ್ಲಿ ದೊರೆತ ಸಂತೋಷ: ಪಂಡಿತಾ ರಮಾಬಾಯಿಯವರ ಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಒಲೆಯ ಮುಂದೆ ಕೂತು ಮಾತಾಡುತ್ತವೆ. ಆದದ್ದರಿಂದ ಮರಾಠೀ ಸಭೆಗಳಲ್ಲಿ ಪ್ರಸಿದ್ಧರಾದ ಪಂಡಿತಾ ರಮಾಬಾಯಿಯವರ ಹೆಸರು ನಮ್ಮ ವಾಚಕರಲ್ಲಿ ಅನೇಕರ ಕಿವಿಗೆ ಬಿದ್ದಿರಬಹುದು. ಆದರೆ ಆಕೆಯು ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಅರಣ್ಯದಲ್ಲಿಯೇ ಎಂಬುದನ್ನು ಬಲ್ಲವರು ಸ್ವಲ್ಪ ಜನ. ಆಕೆಯ ಚರಿತ್ರೆಯನ್ನು ಈ ತಿಂಗಳು ನಮ್ಮ ಸಭೆಗಳವರ ಮುಂದೆ ಇಡುತ್ತೇವೆ.

ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲವೆಂಬ ಕಾಡಿನಲ್ಲಿ 1858ನೆಯ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ವಿದ್ವಾಂಸರು. ಹೆಣ್ಣುಮಕ್ಕಳಿಗೆ ಸಂಸ್ಕೃತವನ್ನು ಕಲಿಸಬಾರದೆಂದು ಜಾತಿಯವರೆಲ್ಲರು ಹೇಳುತ್ತಿದ್ದ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಇದಕ್ಕಾಗಿ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಜನರ ಮಧ್ಯದಲ್ಲಿ ವಾಸ ಕಷ್ಟವಾದದ್ದರಿಂದ ಕಾಡಿಗೆ ಹೋಗಿ ಮನೆ ಮಾಡಿದರು. ತಾಯಿಯು ಬೆಳಗಿನ ಜಾವದಲ್ಲಿ ಮಗಳನ್ನು ಎಬ್ಬಿಸಿ ಮಡಿಲಲ್ಲಿ ಕೂಡ್ರಿಸಿಕೊಂಡು ಪಾಠ ಹೇಳುವಳು. ಓದು ಬಾರದ ನಮ್ಮ ತಾಯಂದಿರು ಇದನ್ನು ಕೇಳಿ ಮನಸ್ಸಿನಲ್ಲಿ ಕುಗ್ಗಬಾರದು. ತಮ್ಮ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿದರೆ ಅದೇ ಪುಣ್ಯ ಅವರದೂ ಆಗುವದು.

ಕೂಸು ಆರು ತಿಂಗಳಿನದಾಗಿದ್ದಾಗ ಕುಟುಂಬವೆಲ್ಲವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತು ತಂದ ಆ ಕೂಸು ಬೆಳೆದು ಭಾಗವತವನ್ನು ಬಾಯಿಪಾಠ ಮಾಡಿ, ಗುಡಿಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣ ಹೇಳತೊಡಗಿತು. ವರುಷಗಳು ಕಳೆದವು, ಕೈಯಲ್ಲಿದ್ದ ಹಣ ದಾನಕ್ಕೂ ಯಾತ್ರೆಗೂ ತೀರಿತು. ಆಮೇಲೆ ಒಡವೆಗಳೂ ಪಾತ್ರೆಗಳೂ ಮಾರಿಹೋದವು. ಹೀಗಿರಲಾಗಿ ಮದ್ರಾಸ್ ಪ್ರಾಂತದಲ್ಲಿ ಘೋರವಾದ ಕ್ಷಾಮವು ಬಂತು. ಅವರು ಕಾಡಿನ ಎಲೆಗಳನ್ನು ತಿಂದು ದಿನ ಕಳೆದರು. ಮೊದಲು ತಂದೆ, ಆಮೇಲೆ ತಾಯಿ, ಅನಂತರ ಅಕ್ಕ, ಹೀಗೆ ಮೂವರೂ ತೀರಿಕೊಂಡರು. ತಾಯಿಯ ಶವವನ್ನು ಹೊರಲು ನಾಲ್ಕನೆಯ ಹೆಗಲು ಸಿಕ್ಕಲಿಲ್ಲ. ರಮಾಬಾಯಿಯವರೇ ಆ ನಾಲ್ಕನೆಯವರಾದರು. ಎತ್ತರ ಸಾಲದ್ದರಿಂದ ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತರು.

ಅಣ್ಣನಾದ ಶ್ರೀನಿವಾಸನೊಂದಿಗೆ ಸಾವಿರಾರು ಮೈಲು ನಡೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ಪಂಡಿತರು ಆಕೆಯ ವಿದ್ಯೆಗೆ ಮೆಚ್ಚಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಬಿರುದಿನಿಂದ ಮನಸ್ಸಿಗೆ ಸಮಾಧಾನ ಬರಲಿಲ್ಲ. ತಾವು ಓದಿದ ಧರ್ಮಶಾಸ್ತ್ರಗಳಲ್ಲಿ ಸ್ತ್ರೀಯರಿಗೂ ಶೂದ್ರರಿಗೂ ಮೋಕ್ಷದ ಬಾಗಿಲು ಮುಚ್ಚಿದೆಯೆಂದು ಆಕೆಗೆ ಕಂಡಿತು. 1880ರಲ್ಲಿ ಅಣ್ಣನು ತೀರಿದನು. ಅದೇ ವರುಷ ಬೇರೆ ಜಾತಿಯ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಸಿಲ್ಚರಿನ ಆ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಸಿಕ್ಕಿತು. ಅದನ್ನು ಅಲ್ಲಿ ಯಾರು ಇಟ್ಟರೋ! ಹೆಂಡತಿಯು ಕ್ರೈಸ್ತಳಾಗುವದು ಗಂಡನಿಗೆ ಇಷ್ಟವಿರಲಿಲ್ಲ. ಆದರೂ ಆಕೆಯು ಓದಿದರು. 1882ರಲ್ಲಿ ಗಂಡನು ವಾಂತಿಭೇದಿಯಿಂದ ತೀರಿಕೊಂಡಾಗ ಮಗಳಾದ ಮನೋರಮೆಗೆ ಇನ್ನೂ ಒಂದು ವರುಷ ತುಂಬಿರಲಿಲ್ಲ.

ಆಕೆಯು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 1883ರಲ್ಲಿ ವಿದ್ಯೆಗಾಗಿ ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಭಗಿನಿಯರ ಬಳಿ ಇಳಿದರು. ಆ ಭಗಿನಿಯರು ಲಂಡನಿನ ಫುಲಹಾಮಿನಲ್ಲಿದ್ದ ಒಂದು ಆಶ್ರಯಗೃಹವನ್ನು ಆಕೆಗೆ ತೋರಿಸಿದರು. ದಾರಿ ತಪ್ಪಿದವರೆಂದು ಲೋಕವು ಬೀದಿಗೆ ನೂಕಿದ್ದ ಸ್ತ್ರೀಯರು ಅಲ್ಲಿ ಹೊಸ ಮನುಷ್ಯರಾಗಿ ರೋಗಿಗಳ ಸೇವೆ ಮಾಡುತ್ತಿದ್ದರು. ಇಂಥವರನ್ನು ನಾಯಿಗಳಿಗೆ ಹಾಕಬೇಕೆಂಬ ಮಾತನ್ನು ಶಾಸ್ತ್ರದಲ್ಲಿ ಓದಿದ್ದ ರಮಾಬಾಯಿಯವರಿಗೆ ಆಶ್ಚರ್ಯವಾಯಿತು. ಇವರ ಮೇಲೆ ಇಷ್ಟು ಪ್ರೀತಿ ಏತಕ್ಕೆಂದು ಕೇಳಲು, ಒಬ್ಬ ಭಗಿನಿಯು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆರೆದು ಸಮಾರ್ಯದ ಸ್ತ್ರೀಯ ಕಥೆಯನ್ನು ಓದಿದಳು.

ಆ ಕಥೆಯನ್ನು ನಮ್ಮ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ಕೆಳಗಿನವರ ಪಾತ್ರೆಯನ್ನು ಮುಟ್ಟದ ಬಾವಿ ಎಂಥದೆಂದು ನಮ್ಮ ಹಿರಿಯರು ಬಲ್ಲರು. ಬಾವಿಕಟ್ಟೆಯ ಕೆಳಗೆ ನಿಂತು, ಯಾರಾದರೂ ದಯಮಾಡಿ ಕೊಡಕ್ಕೆ ಸುರಿಯುವ ತನಕ ಕಾದವರು ಅವರು. ಕರ್ತನಾದರೋ ಬಿಸಿಲಲ್ಲಿ ದಣಿದು ಕೂತು ತಾನೇ ಆಕೆಯನ್ನು ನೀರು ಕೇಳಿದನು. ರಮಾಬಾಯಿಯವರು ಬಾವಿಕಟ್ಟೆಯ ಮೇಲಿನ ಜಾತಿಯಲ್ಲಿ ಹುಟ್ಟಿದವರು, ಆದರೂ ಆ ಸ್ತ್ರೀಯಲ್ಲಿ ತಮ್ಮನ್ನೇ ಕಂಡರು. ನೆಹೆಮಿಯಾ ಗೋರೆ ಶಾಸ್ತ್ರಿಗಳ ಬರಹವು ಅವರ ಬುದ್ಧಿಯ ಸಂಶಯಗಳನ್ನು ತೀರಿಸಿತು. ಹೃದಯವನ್ನು ತಿರುಗಿಸಿದ್ದು ಈ ಕಥೆ. 1883ನೆಯ ಸೆಪ್ಟೆಂಬರ್ 29ರಂದು ತಾಯಿಮಗಳು ಇಬ್ಬರೂ ದೀಕ್ಷಾಸ್ನಾನ ಹೊಂದಿದರು.

ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸಿ ದೀಕ್ಷಾಸ್ನಾನವಾದೊಡನೆ ಕೆಲಸ ಮುಗಿಯಿತೆಂದು ಕೈತೊಳೆಯುವ ನಮ್ಮಂಥ ಉಪದೇಶಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಆಕೆಗೆ ಪೂರ್ಣ ಸಂತೋಷ ದೊರೆತದ್ದು ಆ ದಿನವಲ್ಲ. ಇಂಗ್ಲೆಂಡಿನಲ್ಲಿ ಕಲಿತು, ಅಮೇರಿಕಾಕ್ಕೆ ಹೋಗಿ ವಿಧವೆಯರಿಗಾಗಿ ಸಹಾಯ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಮರುವರುಷ ಅದನ್ನು ಪುಣೆಗೆ ತಂದರು. ಇಷ್ಟೆಲ್ಲಾ ಮಾಡಿದ ಮೇಲೆಯೂ ಮನಸ್ಸಿನಲ್ಲಿ ಏನೋ ಕೊರತೆ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರುಷಗಳಾದ ಮೇಲೆ, ತಮಗೆ ಕ್ರೈಸ್ತ ಮತವು ದೊರೆತಿದೆ, ಆದರೆ ಕ್ರಿಸ್ತನೇ ದೊರೆತಿಲ್ಲವೆಂದು ಆಕೆಗೆ ತಿಳಿಯಿತು. ಯೋಗ್ಯಳಾದ ಮೇಲೆ ಬರುವೆನೆನ್ನದೆ, ಇದ್ದ ಹಾಗೆಯೇ ಆತನ ಬಳಿಗೆ ಬಂದರು. ಆಗ ಬಂದ ಹರ್ಷವು ಕಡೆಯವರೆಗೂ ಹೋಗಲಿಲ್ಲ.

ಆ ಹರ್ಷಕ್ಕೆ ಬೆಲೆಯೂ ತೆರಬೇಕಾಯಿತು. ಹುಡುಗಿಯರು ತಾವಾಗಿಯೇ ಆಕೆಯ ಪ್ರಾರ್ಥನೆಗೆ ಬಂದು ಕೂಡ್ರುತ್ತಿದ್ದದ್ದರಿಂದ 1893ರಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ಸಲಹೆಗಾರರು ಕೈಬಿಟ್ಟರು, ಅನೇಕ ತಾಯಿತಂದೆಗಳು ಮಕ್ಕಳನ್ನು ಕರಕೊಂಡು ಹೋದರು. ಆಕೆಯು ಬಾಗಿಲು ಮುಚ್ಚಿ ಪ್ರಾರ್ಥಿಸಲು ಒಪ್ಪಲಿಲ್ಲ.

1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಹಸಿವೆಯಲ್ಲಿ ಎಲೆ ತಿಂದವರಿಗೆ ಹಸಿದವರ ಮುಖ ಗುರುತು ಸಿಕ್ಕುವದು. ಪುಣೆಯ ಪೂರ್ವಕ್ಕೆ ಕೇಡಗಾವಿಯಲ್ಲಿ ಕೊಂಡಿದ್ದ ಹೊಲದಲ್ಲಿ ಮುಕ್ತಿಯೆಂಬ ಆಶ್ರಯವು ಎದ್ದಿತು. 1900ರಲ್ಲಿ ಗುಜರಾತಿನ ಬರಗಾಲದವರೂ ಬಂದು ಸೇರಲು ಅಲ್ಲಿಯ ಜನಸಂಖ್ಯೆಯು ಸಾವಿರವನ್ನು ದಾಟಿತು. ಬಿದ್ದ ಸ್ತ್ರೀಯರಿಗೆ ಕೃಪಾ ಸದನ. ಕುರುಡರಿಗೆ ಯೆರಿಕೋವಿನ ದಾರಿಯಲ್ಲಿ ಕೂಗಿದ ಬಾರ್ತಿಮಾಯನ ಹೆಸರಿನ ಮನೆ. ಫುಲಹಾಮಿನಲ್ಲಿ ಕೇಳಿದ ಕಥೆಯು ಕೇಡಗಾವಿಯಲ್ಲಿ ಕಲ್ಲು ಸುಣ್ಣವಾಯಿತೆಂದು ನಮಗೆ ತೋರುತ್ತದೆ. ಕನ್ನಡ ಸೀಮೆಯನ್ನೂ ಆಕೆಯು ಮರೆಯಲಿಲ್ಲ. ಮನೋರಮೆಯ ಸಹಾಯದಿಂದ 1912ರಲ್ಲಿ ಗುಲ್ಬರ್ಗಾದಲ್ಲಿ ಶಾಲೆ ನಡೆಯಿತು.

ಕಡೆಯ ವರುಷಗಳನ್ನು ಆಕೆಯು ಒಂದೇ ಕೆಲಸಕ್ಕೆ ಕೊಟ್ಟರು. ಪಂಡಿತರ ಮರಾಠಿಯು ಹಳ್ಳಿಯ ಹೆಂಗಸಿಗೆ ತಿಳಿಯದೆಂದು, ಇಬ್ರಿಯ ಗ್ರೀಕ ಭಾಷೆಗಳನ್ನು ಕಲಿತು, ಸತ್ಯವೇದವನ್ನೆಲ್ಲಾ ಸುಲಭವಾದ ಮಾತಿಗೆ ತಿರುಗಿಸಿದರು. 1921ರಲ್ಲಿ ಒಬ್ಬಳೇ ಮಗಳಾದ ಮನೋರಮೆಯು ತೀರಿಕೊಂಡಳು. ಆದರೂ ಲೇಖನಿಯು ನಿಲ್ಲಲಿಲ್ಲ. ಕೆಲಸ ಮುಗಿಸಿ 1922ನೆಯ ಏಪ್ರಿಲ್ 5ರಂದು ನಿದ್ರೆಹೋದರು. 1924ರಲ್ಲಿ ಪೂರ್ಣ ಗ್ರಂಥವು ಮುಕ್ತಿಯ ಅಚ್ಚುಕೂಟದಿಂದ ಹೊರಗೆ ಬಂತು. ಅದರ ಮೊಳೆಗಳನ್ನು ಜೋಡಿಸಿದವರು, ಅಚ್ಚು ಹಾಕಿದವರು, ಹಾಳೆ ಮಡಿಚಿದವರು ಆ ಆಶ್ರಯದ ವಿಧವೆಯರೂ ಅನಾಥ ಹೆಣ್ಣುಮಕ್ಕಳೂ; ಸಮಾರ್ಯದ ಬಾವಿಯ ಪುಟವೂ ಅವರ ಬೆರಳುಗಳ ನಡುವೆಯೇ ಹಾದುಹೋಯಿತು.