ಆಲ್‌ಫ್ರೆಡ್ ಸ್ಟೀಗ್ಲಿಟ್ಸ್

ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ (1 ಜನವರಿ 1864 – 13 ಜುಲೈ 1946) ಛಾಯಾಗ್ರಹಣಕ್ಕೆ ಲಲಿತಕಲೆಯ ಮನ್ನಣೆ ದೊರಕಿಸಲು ಶ್ರಮಿಸಿದ ಅಮೆರಿಕದ ಛಾಯಾಗ್ರಾಹಕರು. ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ ಜನಿಸಿದ ಇವರು ಬರ್ಲಿನ್‌ನಲ್ಲಿ ವ್ಯಾಸಂಗ ಮಾಡಿದರು. 1903ರಿಂದ 1917ರವರೆಗೆ 'ಕ್ಯಾಮೆರಾ ವರ್ಕ್' ಪತ್ರಿಕೆಯನ್ನು ಹೊರತಂದರು.

ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಸರೋವರದ ಬಳಿ ಇವರ ಕುಟುಂಬದ ಬೇಸಗೆ ಮನೆಯಿತ್ತು. ಅಲ್ಲಿನ ಬಂಧುಗಳು, ಪಾಪ್ಲರ್ ಮರಗಳು, ಮಳೆಹನಿ ಹೊತ್ತ ಸೇಬುಗಳು, ಹಿಮ ಕವಿದ ಪುಟ್ಟ ಮನೆ ಇವರ ಚಿತ್ರಗಳಿಗೆ ವಸ್ತುಗಳಾದವು. ಚಿತ್ರದ ಶಕ್ತಿ ಅದರ ವಸ್ತುವನ್ನು ಅವಲಂಬಿಸಿಲ್ಲವೆಂದು ತೋರಿಸಲು 1922ರಿಂದ ಮೋಡಗಳನ್ನು ಸೆರೆಹಿಡಿಯತೊಡಗಿದರು. ಇವು ಮುಂದೆ 'ಈಕ್ವಿವಲೆಂಟ್ಸ್' ಎಂಬ ಸರಣಿಯಾಗಿ ಬೆಳೆದವು. 1924ರಲ್ಲಿ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅವರನ್ನು ವಿವಾಹವಾದರು. ಅದೇ ವರ್ಷ ಆನಂದ ಕುಮಾರಸ್ವಾಮಿಯವರ ಪ್ರಯತ್ನದಿಂದ ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯವು ಇವರ 27 ಛಾಯಾಚಿತ್ರಗಳನ್ನು ಸ್ವೀಕರಿಸಿತು.

ಅನಾರೋಗ್ಯದಿಂದಾಗಿ 1937ರಲ್ಲಿ ಛಾಯಾಗ್ರಹಣವನ್ನು ನಿಲ್ಲಿಸಿದರು. ನಿಧನಾನಂತರ ಇವರ ಚಿತಾಭಸ್ಮವನ್ನು ಲೇಕ್ ಜಾರ್ಜ್‌ನಲ್ಲಿಯೇ ಹೂಳಲಾಯಿತು.